ನಮ್ಮದಲ್ಲದ ಹೊಲಕ್ಕೆ ಚರಗ

ಎಳ್ಳು ಅಮಾವಾಸ್ಯೆಯ ದಿನ ಬೆಳಗ್ಗೆ ಏಳು ಗಂಟೆಗೆ ನಾನು ನಮ್ಮ ಅತ್ತೆಯ ಬೆನ್ನಿಗೆ ಬೆವರುಸಾಲೆಯ ಪುಡಿ ಹಚ್ಚುತ್ತಿದ್ದೆ. ಇಷ್ಟು ಹೇಳಿದರೆ ಸಾಕು, ಅಥಣಿ, ಚಿಕ್ಕೋಡಿ ಕಡೆಯವರಿಗೆ ನಾನು ಯಾವ ಲೋಕಕ್ಕೆ ಬಂದು ಬಿದ್ದಿದ್ದೇನೆ ಎಂಬುದು ಗೊತ್ತಾಗುತ್ತದೆ. ನಮ್ಮಲ್ಲಿ ಆ ಹಬ್ಬವೆಂದರೆ ಹಲ್ಲು ಕಟಕಟ ಅನ್ನುವ ಚಳಿ. ಕಿವಿಗೆ ಸೆರಗು ಬಿಗಿದುಕೊಂಡು, ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಬಿಸಿಲು ಬಿದ್ದ ಕಡೆಗೆ ಸರಿದು ಸರಿದು ಕೂತು ಉಣ್ಣುವ ದಿನ ಅದು. ಇಲ್ಲಿ ಮಾರಿಷಸ್‌ನಲ್ಲಿ ಅದು ನಡುಬೇಸಿಗೆ. ನಮ್ಮೂರಲ್ಲಿ ಮೇ ತಿಂಗಳಿಗೆ ಅರಳುವ ಗುಲ್‌ಮೊಹರ್ ಇಲ್ಲಿ ಹೊಸ ವರ್ಷದ ಹೊತ್ತಿಗೆ ಕೆಂಪಗೆ ಮೈತುಂಬಿ ನಿಂತಿರುತ್ತದೆ. ಪೇಟೆಗೆ ಮಾವಿನಹಣ್ಣು ಬಂದಿರುತ್ತದೆ.

"ದೇವರು ಈ ಊರಾಗ ಕ್ಯಾಲೆಂಡರ್ ತಲಿಕೆಳಗ ಮಾಡಿ ಗ್ವಾಡಿಗೆ ಹಾಕ್ಯಾನ ನೋಡು" ಎಂದರು ಅತ್ತೆ, ಬೆನ್ನು ಕೊಟ್ಟು ಕೂತಲ್ಲಿಂದಲೇ.

ನಾನು ಶೈಲಾ. ಹುಟ್ಟಿದ್ದು ಬೇಡಕಿಹಾಳ, ಕೊಟ್ಟಿದ್ದು ಕೃಷ್ಣೆಯ ದಂಡೆಯ ಸತ್ತಿ ಎಂಬ ಊರಿಗೆ. ನನ್ನ ಗಂಡ ಮಹಾದೇವ ಶಿರಗುಪ್ಪಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್ ಆಗಿದ್ದರು. ಕುದಿಯುವ ಪಾಕವನ್ನು ಗಾಜಿನ ಚೂರಿನ ಮೇಲೆ ಸವರಿ, ಬೆರಳಿನಿಂದ ಉಜ್ಜಿ, ಹರಳು ಕಟ್ಟಿತೋ ಇಲ್ಲವೋ ಎಂದು ಹೇಳುವ ಕೆಲಸ. ಯಂತ್ರ ಎಷ್ಟೇ ಬಂದರೂ ಆ ಬೆರಳಿಗೆ ಬೆಲೆ ಇದೆ. ಆ ಬೆರಳನ್ನು ನಂಬಿ ಇಲ್ಲಿಯ ಕಾರ್ಖಾನೆಯವರು ಕರೆದರು, ಬೆರಳಿನ ಹಿಂದೆ ನಾವೂ ಬಂದೆವು. ಆ ಹಬ್ಬದ ಹೊತ್ತಿಗೆ ಒಂದೂವರೆ ವರ್ಷವಾಗಿತ್ತು.

ನಾವು ಇರುವುದು ಒಂದು ಮನೆಯ ಮೇಲಿನ ಮಹಡಿಯಲ್ಲಿ. ಕಿಟಕಿಗಳಿಗೆಲ್ಲ ಹೊರಗಿನಿಂದ ಕಬ್ಬಿಣದ ಬಾಗಿಲು. ಮೊದಲ ದಿನ ನೋಡಿ, ಅಯ್ಯೋ, ಇಷ್ಟೊಂದು ಕಳ್ಳರ ಊರೇ ಎಂದು ಹೆದರಿದ್ದೆ. ಅದು ಕಳ್ಳರಿಗಲ್ಲ, ಬಿರುಗಾಳಿಗೆ ಎಂದು ಮನೆಯೊಡತಿ ಕೈಸನ್ನೆಯಲ್ಲಿ ತಿಳಿಸಿದಳು. ಇಲ್ಲಿಯವರ ಮಾತು ಕ್ರಿಯೋಲ್. ಫ್ರೆಂಚರ ಮಾತನ್ನು ಕೂಲಿಕಾರರು ತಮ್ಮ ನಾಲಿಗೆಗೆ ತಕ್ಕಂತೆ ಬಗ್ಗಿಸಿಕೊಂಡ ಭಾಷೆ. ನೀರಿಗೆ 'ದಿಲೋ', ಮೆಣಸಿನಕಾಯಿಗೆ 'ಪಿಮಾ'. ಅಂಗಡಿಯಲ್ಲಿ ಮೊದಲ ಸಲ 'ಪಿಮಾ' ಎಂದು ಕೇಳಿ, ಅಂಗಡಿಯವ ನಿಜವಾಗಿಯೂ ಮೆಣಸಿನಕಾಯಿಯನ್ನೇ ಕೊಟ್ಟಾಗ, ಪರೀಕ್ಷೆ ಪಾಸಾದವಳಂತೆ ಮನೆಗೆ ಓಡಿ ಬಂದಿದ್ದೆ. ಬೀದಿಯಲ್ಲಿ ಮಾರುವ 'ದಾಲ್ ಪುರಿ' ನೋಡಲು ಥೇಟು ನಮ್ಮ ಹೋಳಿಗೆ. ಒಳಗೆ ಬೇಳೆಯ ಹೂರಣವೂ ಇದೆ, ಬೆಲ್ಲ ಮಾತ್ರ ಹಾಕುವುದಿಲ್ಲ. ಸಕ್ಕರೆಯ ದ್ವೀಪದಲ್ಲಿ ಕೂತು ಬೆಲ್ಲವಿಲ್ಲದ ಹೋಳಿಗೆ ತಿನ್ನುವುದು ನನ್ನ ಹಣೆಬರಹ ಎಂದುಕೊಂಡೆ. ಮಧ್ಯಾಹ್ನ ಇವರು ಕೆಲಸಕ್ಕೆ ಹೋದಾಗ ಮನೆ ಬಿಕೋ ಅನ್ನುತ್ತಿತ್ತು. ಗೋಡೆಯಾಚೆಯಿಂದ "ಏನ ಮಾಡಾಕತ್ತೀ?" ಎಂದು ಕೂಗುವವರು ಯಾರೂ ಇಲ್ಲದೆ ಬದುಕಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಇವರ ಕರಾರು ಮುಂದಿನ ಅಕ್ಟೋಬರಿಗೆ ಮುಗಿಯುತ್ತದೆ. ಆಮೇಲೆ ಒಂದು ದಿನವೂ ಇಲ್ಲಿರುವುದಿಲ್ಲ ಎಂದು ನಾನು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದೆ.

ಅತ್ತೆ ಗಂಗವ್ವ ಮೂರು ತಿಂಗಳು ಇದ್ದು ಹೋಗಲು ಬಂದಿದ್ದರು. ಎಪ್ಪತ್ತರ ಹತ್ತಿರದ ಜೀವ, ನಾಲಿಗೆ ಮಾತ್ರ ಇಪ್ಪತ್ತರದ್ದು. ಹುಟ್ಟಿದ ಮೇಲೆ ಮೊದಲ ಸಲ ಸಮುದ್ರ ನೋಡಿ ಕೈಮುಗಿದರು. ಆಮೇಲೆ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಉಗುಳಿ, "ಇಷ್ಟ ನೀರ ಇಟಗೊಂಡು ಒಂದ ಸಾಲ ಕಬ್ಬಿಗೆ ಹಾಯ್ಸಾಕ ಬರಂಗಿಲ್ಲಂದ್ರ ಏನ ಮಾಡೂದು ಇದನ್ನ?" ಎಂದರು.

ಹಬ್ಬದ ದಿನ ಆದದ್ದು ಇಷ್ಟು. ಚರಗ ಎಂದರೆ, ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬಸುರಿಗೆ ಬಯಕೆಯ ಊಟ ಹಾಕುವಂತೆ ಬೆಳೆ ಹೊತ್ತ ಭೂಮಿಗೆ ಊಟ ಹಾಕುವುದು. ಹೊಲದಲ್ಲಿ ಐದು ಕಲ್ಲು ಇಟ್ಟು, ಪಾಂಡವರೆಂದು ಪೂಜಿಸಿ, ಅಡುಗೆಯನ್ನೆಲ್ಲ ಕಲಸಿ, ಒಬ್ಬರು 'ಹುಲ್ಲುಲ್ಲಿಗ್ಯೋ' ಎಂದು ಕೂಗುತ್ತ ಬೆಳೆಯ ಮೇಲೆ ಚೆಲ್ಲುತ್ತ ಹೋದರೆ ಹಿಂದಿನಿಂದ ಇನ್ನೊಬ್ಬರು 'ಚೆಲ್ಲಂಬ್ರಿಗ್ಯೋ' ಎಂದು ಓಗೊಡುತ್ತ ನೀರು ಚಿಮುಕಿಸುತ್ತ ಹೋಗುತ್ತಾರೆ. ಭೂಮಿ ಉಂಡ ಮೇಲೆ ಮನೆಯವರ ಊಟ. ಅತ್ತೆ ಮದುವೆಯಾಗಿ ಸತ್ತಿಗೆ ಬಂದಾಗಿನಿಂದ ಒಂದು ವರ್ಷವೂ ಇದನ್ನು ತಪ್ಪಿಸಿದವರಲ್ಲ. ಕೃಷ್ಣೆಗೆ ಮಹಾಪೂರ ಬಂದು ಬೆಳೆ ಕೊಚ್ಚಿಹೋದ ವರ್ಷವೂ ಬರಿಯ ಕೆಸರಿಗೆ ಚರಗ ಚೆಲ್ಲಿದ್ದರಂತೆ. ಅಂದು ಬೆಳಗ್ಗೆ ರೂಢಿಯಂತೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ನೀರು ಕುಡಿದರು. ನಾನು ತಿಂಡಿ ತಂದಿಟ್ಟಾಗ ತಟ್ಟೆ ಸರಿಸಿದರು.

"ಚರಗ ಚೆಲ್ಲದ ನಾ ಉಣ್ಣಂಗಿಲ್ಲ."

"ಯವ್ವಾ, ಊರಾಗ ತಮ್ಮ ಚೆಲ್ಲತಾನಲ್ಲ" ಎಂದರು ಇವರು.

"ಅಂವಾ ಚೆಲ್ಲಿದ್ರ ಅಂವಾ ಉಣ್ಣತಾನ. ನಾ ಉಣಬೇಕಂದ್ರ ನಾ ಚೆಲ್ಲಬೇಕ."

ಆ ಮಾತ್ರೆ ನುಂಗಿ ಉಣ್ಣದಿದ್ದರೆ ರಕ್ತದ ಸಕ್ಕರೆ ಇಳಿದು ಕಣ್ಣು ಕತ್ತಲೆ ಬರುತ್ತದೆ, ಬಿದ್ದರೆ ಏಳುವುದು ಕಷ್ಟ ಎಂದು ಅಥಣಿಯ ಡಾಕ್ಟರರು ನನ್ನ ಮುಂದೆಯೇ ಹೇಳಿದ್ದರು. ಬೈದೆ, ಬೇಡಿಕೊಂಡೆ. ಕಲ್ಲಿನ ಮೇಲೆ ನೀರು ಹೊಯ್ದ ಹಾಗಾಯಿತು. ಹಿಂದಿನ ರಾತ್ರಿಯೇ ಮಾಡಿಟ್ಟಿದ್ದ ಸಜ್ಜೆ ರೊಟ್ಟಿ, ಬದನೆಯ ಎಣಗಾಯಿ, ಕಡುಬು, ಶೇಂಗಾ ಹೋಳಿಗೆ, ಮೊಸರನ್ನ ಎಲ್ಲವನ್ನೂ ಬುಟ್ಟಿಗೆ ಹಾಕಿಕೊಂಡೆ. ಒಂದು ಮುಷ್ಟಿ ಸಕ್ಕರೆ ಗಂಟು ಕಟ್ಟಿ ಪರ್ಸಿಗೆ ಹಾಕಿಕೊಂಡೆ. ಇವರು ಜೊತೆಯ ಕೆಲಸಗಾರನ ಹಳೆಯ ಕಾರು ಕೇಳಿ ತಂದರು. ಕಬ್ಬು ಅರೆಯುವ ಹಂಗಾಮು ಮುಗಿದು ಕಾರ್ಖಾನೆ ನಿಂತಿದ್ದರಿಂದ ಬಿಡುವಿತ್ತು. ಹೊಲವಿಲ್ಲದವರು ಹೊಲ ಹುಡುಕಿಕೊಂಡು ಹೊರಟೆವು.

ಒಂದೂವರೆ ವರ್ಷದಲ್ಲಿ ನಾನು ಆ ದ್ವೀಪವನ್ನು ಅಂದು ನೋಡಿದಂತೆ ನೋಡಿರಲಿಲ್ಲ. ದಾರಿಯ ಎರಡೂ ಕಡೆ ಕಬ್ಬು. ನಮ್ಮಲ್ಲಿಯೂ ಕಾಗವಾಡದಿಂದ ರಾಯಬಾಗದವರೆಗೆ ಕಬ್ಬೇ, ಆದರೆ ನಮ್ಮ ಕಬ್ಬು ಆಕಾಶಕ್ಕೆ ಹೋಗಿ ಮುಗಿಯುತ್ತದೆ. ಇಲ್ಲಿಯದು ಒಂದು ಕಡೆ ಬೆಟ್ಟಕ್ಕೆ ತಾಗುತ್ತದೆ, ಇನ್ನೊಂದು ಕಡೆ ಸಮುದ್ರಕ್ಕೆ ಇಳಿಯುತ್ತದೆ. ಬೆಟ್ಟಗಳಾದರೂ ಎಂಥವು! ಸುತ್ತ ಸಪಾಟು ನೆಲ, ನಡುವೆ ಇದ್ದಕ್ಕಿದ್ದಂತೆ ಹೆಬ್ಬೆರಳು ಎತ್ತಿ ತೋರಿಸಿದ ಹಾಗೆ ಒಂದು ಕರಿ ಬಂಡೆ ಮುಗಿಲಿಗೆ ಚಾಚಿರುತ್ತದೆ. ತಿರುವು ದಾಟಿದರೆ ಸಮುದ್ರ, ದಂಡೆಯಲ್ಲಿ ಎಳನೀರಿನ ಬಣ್ಣ, ದೂರದಲ್ಲಿ ನವಿಲಿನ ಕೊರಳ ಬಣ್ಣ. ಅತ್ತೆ ಕಿಟಕಿಗೆ ಮೂಗು ಒತ್ತಿ ಕೂತಿದ್ದರು. ಕಾರಿನ ಎ.ಸಿ. ಕೆಟ್ಟಿತ್ತು. ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ನಾನು ಸಮುದ್ರವನ್ನು ಒಂದು ಕಣ್ಣಿನಲ್ಲಿ, ಅತ್ತೆಯ ಹಣೆಯನ್ನು ಇನ್ನೊಂದು ಕಣ್ಣಿನಲ್ಲಿ ನೋಡುತ್ತಿದ್ದೆ. ಬೆವರು ಸೆಕೆಗೆ ಬಂದದ್ದೋ ಸಕ್ಕರೆ ಇಳಿದು ಬಂದದ್ದೋ ಹೇಗೆ ತಿಳಿಯಬೇಕು?

ಒಂದು ಕಡೆ ಮರದ ಕೆಳಗೆ ಪುಟ್ಟ ಕಟ್ಟೆ ಕಂಡಿತು. ಕಟ್ಟೆಯ ಮೇಲೆ ಸಾಲಾಗಿ ಏಳು ಕಲ್ಲು, ಅವಕ್ಕೆ ಕುಂಕುಮ. ಇಲ್ಲಿಯವರು 'ಕಾಳಿಮಾಯಿ' ಎನ್ನುವ ದೇವಿ. ಭಾರತದಿಂದ ಕಬ್ಬು ಕಡಿಯಲು ಬಂದವರು ಹೊಲಗಳ ಅಂಚಿನಲ್ಲಿ ಇಟ್ಟುಕೊಂಡದ್ದು. ಅತ್ತೆ ಕಾರು ನಿಲ್ಲಿಸಲು ಹೇಳಿ ಇಳಿದರು. ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಪಾಂಡವರು ಐದ ಮಂದಿ. ಇನ್ನಿಬ್ಬರು ಯಾರು?" ಎಂದರು. ಸ್ವಲ್ಪ ಯೋಚಿಸಿ ತಾವೇ ಉತ್ತರ ಹೇಳಿದರು: "ಇಷ್ಟ ದೂರ ಬರಬೇಕಾದ್ರ ಕುಂತಿನ್ನ, ದ್ರೌಪದಿನ್ನ ಬಿಟ್ಟ ಬರ್ತಾರೇನ? ಕರ್ಕೊಂಡ ಬಂದಾರ."

ನಾನು ನಕ್ಕೆ, ಆದರೆ ಮೈ ಜುಮ್ಮೆಂದಿತು. "ಇಲ್ಲೇ ಚೆಲ್ರಿ ಅತ್ತಿ, ದೇವರ ಮುಂದನ ಐತಿ" ಎಂದೆ. ದೇವರಿಗೆ ನೈವೇದ್ಯ, ಭೂಮಿಗೆ ಚರಗ, ಎರಡೂ ಒಂದೇ ಅಲ್ಲ ಎಂದು ನನ್ನನ್ನೇ ಬೈದು ಕಾರು ಹತ್ತಿದರು.

ಆಗ ಹತ್ತೂವರೆ. ನನಗೆ ತಾಳ್ಮೆ ಮುಗಿದಿತ್ತು. ಮುಂದೆ ಒಂದು ದೊಡ್ಡ ಎಸ್ಟೇಟಿನ ಹೊಲ ಕಂಡಿತು. ಯಾರೂ ಇರಲಿಲ್ಲ. ಹೊಲದ ನಡುನಡುವೆ ಮನೆಯೆತ್ತರದ ಕರಿಕಲ್ಲಿನ ರಾಶಿಗಳು. ಇಲ್ಲಿ ಎಲ್ಲಿ ನೋಡಿದರೂ ಆ ರಾಶಿಗಳಿವೆ. "ಇಲ್ಲೇ ಮುಗಿಸೋಣ, ಅನ್ನಾ ಹಾಕಿದ್ರ ಯಾರ ಬ್ಯಾಡ ಅಂತಾರ?" ಎಂದೆ. ತಪ್ಪು ನನ್ನದೇ. ರಾಶಿಯಿಂದ ಐದು ಕಲ್ಲು ತಂದು, ಹಿಟ್ಟು ಬಳಿದು, ಕುಂಕುಮ ಹಚ್ಚಿ, ಮುಂದೆ ತೆಂಗಿನಕಾಯಿ, ನಿಂಬೆಹಣ್ಣು ಇಟ್ಟೆವು. ಅತ್ತೆ ಅನ್ನದ ಬುಟ್ಟಿಗೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿತು.

"ಪಾ ಇಸಿ! ಪಾ ಇಸಿ!" ಇಲ್ಲಿ ಬೇಡ, ಇಲ್ಲಿ ಬೇಡ ಎಂದು.

ಎಸ್ಟೇಟಿನ ಕಾವಲುಗಾರ ಓಡಿ ಬಂದವನು ನಿಂಬೆಹಣ್ಣನ್ನು ನೋಡಿದ್ದೇ ಎರಡು ಹೆಜ್ಜೆ ಹಿಂದೆ ಸರಿದ. ಅವನ ಮುಖದಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಇವರು ಅವನ ಜೊತೆ ಮಾತಾಡಿ ನಮ್ಮ ಕಡೆ ತಿರುಗಿದರು.

"ಮಾಟಾ ಮಾಡಾಕತ್ತೀವಿ ಅಂತ ತಿಳದಾನ."

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ನಮ್ಮ ಹೊಲದಲ್ಲಿ ಗುರುತಿಲ್ಲದ ಮೂವರು ಬಂದು ಕಲ್ಲಿಗೆ ಕುಂಕುಮ ಬಳಿದು ನಿಂಬೆಹಣ್ಣು ಇಟ್ಟಿದ್ದರೆ ನಾವು ಆರತಿ ಎತ್ತುತ್ತಿದ್ದೆವೇ? ಬಡಿಗೆ ತೆಗೆದುಕೊಳ್ಳುತ್ತಿದ್ದೆವು. ಇವರು ಅರ್ಧ ಕ್ರಿಯೋಲ್, ಅರ್ಧ ಕೈಸನ್ನೆಯಲ್ಲಿ ಎಲ್ಲವನ್ನೂ ಹೇಳಿದರು: ಹಬ್ಬ, ಹೊಲ, ಉಪವಾಸ, ಮಾತ್ರೆ. ಕಾವಲುಗಾರ ಅತ್ತೆಯನ್ನು ನೋಡಿ ಮೆತ್ತಗಾದ. 'ಗ್ರಾಮುನ್' ಎಂದ, ಹಿರಿಯರು ಎಂದು. ಈ ಹೊಲ ಕಂಪನಿಯದು, ಅಪ್ಪಣೆ ಕೊಡಲು ಇಲ್ಲಿ ಯಾರೂ ಇಲ್ಲ. ಮೇಲೆ ಗುಡ್ಡದ ಓರೆಯಲ್ಲಿ ಸಣ್ಣ ಹಿಡುವಳಿಯವರ ಹೊಲಗಳಿವೆ, ಕಡೆಯದು ಪಾರ್ವತಿ ಎಂಬವಳದು, ಅವಳನ್ನು ಕೇಳಿ ಎಂದ. ಕಾರು ಅಲ್ಲಿಗೆ ಹೋಗುವುದಿಲ್ಲ, ನಡೆಯಬೇಕು.

ಇಟ್ಟದ್ದನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ನಡೆದೆವು. ಹನ್ನೊಂದೂವರೆಯ ಬಿಸಿಲು ನೆತ್ತಿಯ ಮೇಲೆ ಕೂತಿತ್ತು. ದಾರಿ ಎನ್ನುವುದು ಕಬ್ಬಿನ ನಡುವೆ ಏರುವ ಒಂದು ಕೆಂಪು ಗೆರೆ. ಗಾಳಿ ಒಳಗೆ ಬರದ ಹಾಗೆ ಕಬ್ಬು ಎರಡೂ ಕಡೆ ಹಬ್ಬಿತ್ತು. ಅತ್ತೆ ಕಾರಿನಲ್ಲೇ ಕೂರಲು ಒಪ್ಪಲಿಲ್ಲ. ಮಗ ಹೊತ್ತುಕೊಳ್ಳುತ್ತೇನೆ ಎಂದಾಗ "ನಾ ಇನ್ನೂ ಸತ್ತಿಲ್ಲ, ಹೊರಾಕ ಅವಸರ ಮಾಡಬ್ಯಾಡ" ಎಂದರು. ಅರ್ಧ ದಾರಿಗೆ ಅವರ ಮಾತು ನಿಂತಿತು. ಅವರು ಬೈಯುವಷ್ಟು ಹೊತ್ತು ನನಗೆ ಧೈರ್ಯವಿತ್ತು. ಕೈ ಹಿಡಿದೆ. ಬೆರಳು ಸಣ್ಣಗೆ ಅದುರುತ್ತಿದ್ದವು. ಸಕ್ಕರೆಯ ಗಂಟು ಬಿಚ್ಚಿ ಬಾಯಿಯ ಹತ್ತಿರ ಹಿಡಿದೆ. ತುಟಿ ಬಿಗಿದು ತಲೆಯಾಡಿಸಿದರು. ಆ ಕ್ಷಣ ನನಗೆ ಅವರ ಮೇಲೆ ಬಂದ ಸಿಟ್ಟನ್ನು, ಅದರ ಒಳಗಿದ್ದ ಪ್ರೀತಿಯನ್ನು ಈಗಲೂ ಬಿಡಿಸಿ ಹೇಳಲಾರೆ.

ಮೇಲೆ ತಲುಪಿದಾಗ ಹುಲ್ಲಿನ ಟೋಪಿ, ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿಕೊಂಡ ಹೆಂಗಸೊಬ್ಬಳು ಕಳೆ ತೆಗೆಯುತ್ತಿದ್ದಳು. ಅರವತ್ತು ದಾಟಿರಬೇಕು. ಇವರು ಕ್ರಿಯೋಲಿನಲ್ಲಿ ಮಾತು ಶುರು ಮಾಡುವ ಮೊದಲೇ ಅತ್ತೆ ಕಲ್ಲಿನ ಮೇಲೆ ಕುಸಿದು ಕೂತು, "ದೇವಾ, ಥೋಡಂ ಪಾಣಿ" ಎಂದರು, ಸ್ವಲ್ಪ ನೀರು ಎಂದು. ದಣಿದಾಗ ನಮ್ಮ ಕಡೆಯವರ ಬಾಯಲ್ಲಿ ಕನ್ನಡ ಬರುತ್ತದೋ ಮರಾಠಿ ಬರುತ್ತದೋ ಹೇಳಲಾಗುವುದಿಲ್ಲ.

ಆ ಹೆಂಗಸು ಕಳೆ ಕೀಳುವ ಕುರ್ಚಿಗಿ ಕೆಳಗಿಟ್ಟಳು. "ತುಮ್ಹೀ ಮರಾಠಿ ಆಹಾತ?" ಎಂದಳು. ನೀವು ಮರಾಠಿಯವರೇ ಎಂದು, ಶಾಲೆಯ ಪುಸ್ತಕ ಓದಿದಂತೆ, ಒಂದೊಂದೇ ಅಕ್ಷರ.

"ನಾಹೀ ಬಾಯಿ, ಕಾನಡಿ. ಪಣ ಬೋಲತೆ" ಎಂದರು ಅತ್ತೆ. ಅಲ್ಲ ತಾಯಿ, ಕನ್ನಡದವರು, ಆದರೆ ಮಾತಾಡುತ್ತೇನೆ.

ಅವಳೇ ಪಾರ್ವತಿ. ಅವಳ ಹಿರಿಯರು ಕೊಂಕಣದ ಕಡೆಯಿಂದ ಹಡಗಿನಲ್ಲಿ ಬಂದವರಂತೆ. ಮನೆಯಲ್ಲಿ ಕ್ರಿಯೋಲ್, ಹಬ್ಬದಲ್ಲಿ ಮರಾಠಿ. ಕ್ಯಾನಿನಿಂದ ನೀರು ಕೊಟ್ಟಳು, ಟೋಪಿ ತೆಗೆದು ಅತ್ತೆಗೆ ಗಾಳಿ ಬೀಸಿದಳು. ಅತ್ತೆ ನಿಧಾನವಾಗಿ ಚರಗದ ವಿಷಯ ಹೇಳಿದರು. ಪಾರ್ವತಿ ಬುಟ್ಟಿಯನ್ನು ನೋಡಿದಳು, ನಿಂಬೆಹಣ್ಣನ್ನು ನೋಡಿದಳು. ಮುಖ ಬಿಗಿಯಿತು. ಈ ವರ್ಷ ಕಬ್ಬು ಸರಿಯಾಗಿ ಚಿಗುರಿಲ್ಲ, ಇಂಥದ್ದನ್ನು ನೋಡಿದರೆ ಅಕ್ಕಪಕ್ಕದವರು ಏನೇನೋ ಅಂದಾರು, ನಿಂಬೆಹಣ್ಣು, ಕುಂಕುಮ ನನ್ನ ಹೊಲದಲ್ಲಿ ಬೇಡ ಎಂದಳು.

ನಾನು ಕಣ್ಣು ಮುಚ್ಚಿಕೊಂಡೆ. ಇಷ್ಟು ವರ್ಷದ ಪದ್ಧತಿ ಬಿಟ್ಟುಕೊಡುವ ಹೆಂಗಸಲ್ಲ ಅತ್ತೆ, ಇನ್ನು ಇಲ್ಲೇ ಬೀಳುತ್ತಾರೆ ಎಂದುಕೊಂಡೆ.

ಅತ್ತೆ ನಿಂಬೆಹಣ್ಣು ತೆಗೆದು ನನ್ನ ಉಡಿಗೆ ಹಾಕಿದರು. ಕುಂಕುಮದ ಭರಣಿ ಮುಚ್ಚಿದರು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ನಿಂಬಿಹಣ್ಣ ಇಲ್ಲದಿದ್ರ ನಡೀತೈತಿ. ಹೊಲದಾಕಿ ಮನಸ್ಸ ಮುರದ ಚೆಲ್ಲಿದ್ರ ನಡ್ಯಾಂಗಿಲ್ಲ." ಆಮೇಲೆ ಪಾರ್ವತಿಗೆ ಮರಾಠಿಯಲ್ಲಿ, "ನಾನು ಚೆಲ್ಲುತ್ತ ಮುಂದೆ ಹೋಗುತ್ತೇನೆ, ಹೊಲದ ಒಡತಿ ನೀನು, ನೀರು ಹಿಡಿದು ಹಿಂದೆ ಬಾ. ನೀನು ಬರದಿದ್ದರೆ ನಾನು ಹಾಗೇ ಇಳಿದು ಹೋಗುತ್ತೇನೆ" ಎಂದರು.

ಪಾರ್ವತಿ ನೀರಿನ ಕ್ಯಾನು ಎತ್ತಿಕೊಂಡಳು. ಬೂಟು ಕಳಚಿ ಬರಿಗಾಲಲ್ಲಿ ಮಣ್ಣಿನ ಮೇಲೆ ಬಂದಳು.

ಇನ್ನೊಂದು ತೊಡಕಿತ್ತು. ಸತ್ತಿಯಲ್ಲಿ ಅತ್ತೆ ಚರಗ ಚೆಲ್ಲುವಾಗ ಆ ಹೊಲ ಮಾಡಿದ ಹಿರಿಯರ ಹೆಸರು ಹಿಡಿದು ಕರೆಯುತ್ತಾರೆ. ಇಲ್ಲಿ ಯಾರನ್ನು ಕರೆಯುವುದು? ಪಾರ್ವತಿಯನ್ನು ಕೇಳಿದರು. ಅವಳು ಅಪ್ಪನ ಹೆಸರು ಹೇಳಿದಳು, ಅಜ್ಜನ ಹೆಸರು ಹೇಳಿದಳು. ಅದರ ಹಿಂದೆ?

"ಗೊತ್ತಿಲ್ಲ" ಎಂದಳು ಪಾರ್ವತಿ. ಹೊಲದ ಮೂಲೆಯ ಕರಿಕಲ್ಲಿನ ರಾಶಿಯನ್ನು ತೋರಿಸಿದಳು. "ಮೊದಲು ಬಂದವನು ಅದನ್ನು ಒಟ್ಟಿದ. ಇಲ್ಲಿ ಮಣ್ಣು ಇರಲಿಲ್ಲ, ಎಲ್ಲ ಕಲ್ಲು. ಕೈಯಿಂದ ಎತ್ತಿ ಎತ್ತಿ ಒಟ್ಟಿದ. ಅವನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ."

ನಾನು ಆ ರಾಶಿಯನ್ನು ಆಗ ಮೊದಲ ಸಲ ಕಣ್ಣಿಟ್ಟು ನೋಡಿದೆ. ಒಂದೂವರೆ ವರ್ಷದಿಂದ ಬಸ್ಸಿನ ಕಿಟಕಿಯಿಂದ ಅಂಥ ನೂರಾರು ರಾಶಿಗಳನ್ನು ಕಂಡಿದ್ದೆ, ಗುಡ್ಡವೋ ಏನೋ ಎಂದುಕೊಂಡಿದ್ದೆ. ಒಂದೊಂದು ಕಲ್ಲೂ ಒಬ್ಬ ಮನುಷ್ಯ ಬಗ್ಗಿ ಎತ್ತಿದ್ದು. ಗುಡ್ಡದ ಕೆಳಗೆ ಸಮುದ್ರದವರೆಗೂ ಆ ರಾಶಿಗಳು ಕಾಣುತ್ತಿದ್ದವು. ಎಷ್ಟು ಬೆನ್ನುಗಳು, ಎಷ್ಟು ಬಿಸಿಲು! ಒಂದು ಕಬ್ಬಿಣದ ಕಿಟಕಿಗೆ, ಬೆಲ್ಲವಿಲ್ಲದ ಹೋಳಿಗೆಗೆ ಅಳುತ್ತ ಕೂತವಳು ನಾನು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಬೆರಗಾಯಿತು. ಈ ದ್ವೀಪದ ಹಸಿರೆಲ್ಲ ಬರಿಗೈಯಲ್ಲಿ ಬಿಡಿಸಿ ತೆಗೆದದ್ದು.

"ಹೆಸರ ಇಲ್ಲದಿದ್ರ ಏನಾತು, ಕೆಲಸ ಐತಲ್ಲ" ಎಂದರು ಅತ್ತೆ. ಬುಟ್ಟಿ ಸೊಂಟಕ್ಕೆ ಏರಿಸಿದರು. ಮಗ ಆಸರೆಗೆ ಬಂದರೆ ಕೈ ಸರಿಸಿದರು. ಆಮೇಲೆ, ಹಸಿದ ಹೊಟ್ಟೆಯ ಆ ಮುದುಕಿಗೆ ಎಲ್ಲಿತ್ತೋ ಆ ಗಂಟಲು, ಗುಡ್ಡವೆಲ್ಲ ಕೇಳುವಂತೆ ಕೂಗಿದರು:

"ಕಲ್ಲ ಒಟ್ಟಿದಂವಾ ಬಾರಪ್ಪೋ, ಹುಲ್ಲುಲ್ಲಿಗ್ಯೋ!"

ಸಜ್ಜೆ ರೊಟ್ಟಿ, ಕಡುಬು, ಅನ್ನ ಎಳೆಯ ಕಬ್ಬಿನ ಮೇಲೆ ಬಿದ್ದವು. ಹಿಂದೆ ಬರುತ್ತಿದ್ದ ಪಾರ್ವತಿ ನೀರು ಚಿಮುಕಿಸಿದಳು, ಏನು ಕೂಗಬೇಕೆಂದು ನನ್ನ ಕಡೆ ನೋಡಿದಳು. ನಾನು ಹೇಳಿಕೊಟ್ಟೆ. "ಚೆಲ್ಲಂಬ್ರಿಗ್ಯೋ" ಎಂದು ಅವಳು ಕೂಗಿದಾಗ ದನಿ ಒಡೆಯಿತು. ಎರಡನೆಯ ಸಾಲಿಗೆ ಅಳುತ್ತಿದ್ದಳು, ಮೂರನೆಯ ಸಾಲಿಗೆ ಅತ್ತೆಗಿಂತ ಜೋರಾಗಿ ಕೂಗುತ್ತಿದ್ದಳು. ಇವರು ಟೋಪಿ ತೆಗೆದು ನಿಂತಿದ್ದರು. ನನ್ನ ಕಣ್ಣಿಗೆ ಏನೂ ಕಾಣದಾಯಿತು.

ರಾಶಿಯ ನೆರಳಿನಲ್ಲಿ ಕೂತು ಉಂಡೆವು. ಅತ್ತೆ ಮೊದಲ ತುತ್ತು ಬಾಯಿಗೆ ಇಟ್ಟಾಗ ನಾನು ಬೆಳಗಿನಿಂದ ಹಿಡಿದ ಉಸಿರು ಬಿಟ್ಟೆ. ಎರಡು ರೊಟ್ಟಿ, ಎರಡು ಹೋಳಿಗೆ, ಸಕ್ಕರೆ ಕಾಯಿಲೆ ಎಂದು ನಾನು ತಡೆಯಲಿಲ್ಲ. ಕೈಯ ನಡುಕ ನಿಂತಿತು, ನಾಲಿಗೆಗೆ ಜೀವ ಬಂತು. ಪಾರ್ವತಿಗೆ ಎಣಗಾಯಿ ಬಡಿಸಿ "ಖಾರ ಆತೇನು?" ಎಂದು ಕನ್ನಡದಲ್ಲಿ ಕೇಳಿದರು. ಅವಳು ಕ್ರಿಯೋಲಿನಲ್ಲಿ ಏನೋ ಹೇಳಿ ಇನ್ನೊಂದು ಹಾಕಿಸಿಕೊಂಡಳು.

ಕೈ ತೊಳೆಯುವಾಗ ಅತ್ತೆ ನನ್ನನ್ನು ಕರೆದರು.

"ಶೈಲಾ, ಒಮ್ಮಿ ಉಣಸಿದ ಭೂಮಿ ಮುಂದಿನ ವರ್ಷ ದಾರಿ ನೋಡತೈತಿ. ನಾ ಇರಂಗಿಲ್ಲ. ನೀ ಬರಬೇಕ."

"ಅತ್ತಿ, ಮುಂದಿನ ಎಳ್ಳಮಾಸಿಗೆ ನಾವು ಸತ್ತ್ಯಾಗ ಇರ್ತೀವಲ್ರಿ. ಅಕ್ಟೋಬರಿಗೆ ಇಲ್ಲಿದು ಮುಗೀತೈತಿ."

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಸತ್ತ್ಯಾಗ ನಾ ಅದೀನಿ. ಇಲ್ಲಿ ಯಾರ ಅದಾರ?"

ಅತ್ತೆ ಊರಿಗೆ ಹೋಗಿ ಈಗ ಮೂರು ತಿಂಗಳು. ಫೋನಿನಲ್ಲಿ ಮೊದಲು ಕೇಳುವುದು ಮಗನನ್ನಲ್ಲ, ಆ ಕಬ್ಬನ್ನು. ಅದಕ್ಕೆ ಉತ್ತರ ಹೇಳಬೇಕಲ್ಲ ಎಂದು ಭಾನುವಾರಗಳಲ್ಲಿ ಗುಡ್ಡ ಹತ್ತುತ್ತೇನೆ, ಪಾರ್ವತಿಯ ಜೊತೆ ಒಂದೆರಡು ಸಾಲು ಕಳೆ ತೆಗೆಯುತ್ತೇನೆ. ಸತ್ತಿ ಈಗಲೂ ಕನಸಿನಲ್ಲಿ ಬರುತ್ತದೆ, ಎದ್ದಾಗ ಎದೆ ಭಾರವಾಗಿರುತ್ತದೆ. ಇವರ ಮುಂದೆ ಅಕ್ಟೋಬರಿನ ಮಾತು ನಾನಾಗಿ ಎತ್ತುವುದನ್ನು ಬಿಟ್ಟಿದ್ದೇನೆ. ಕಳೆದ ವಾರ ಇವರೇ ಎತ್ತಿದರು, ಟಿಕೆಟ್ ಈಗಲೇ ಮಾಡಿಸಿದರೆ ಒಳ್ಳೆಯದು, ಏನು ಮಾಡಲಿ ಎಂದರು. ಎಳ್ಳಮಾಸಿ ಮುಗಿಯಲಿ ಎಂದೆ.